ಒಂದು ಗಂಟೆಗೆ ಎಷ್ಟು, ಒಬ್ಬರಿಗೆ ಎಷ್ಟು: ಬ್ಯೂರ್ಟ್‌ಜೋರ್ಗ್ ಮನೆ ಆರೈಕೆಯ ವೆಚ್ಚ ಮತ್ತು ಗುಣಮಟ್ಟದ ಪ್ರಕರಣ ಅಧ್ಯಯನ

ಮನೆಮನೆಗೆ ಹೋಗಿ ಆರೈಕೆ ಮಾಡುವ ಲಾಭರಹಿತ ಸಂಸ್ಥೆಯೊಂದು ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ ಮೊದಲು ‘ಖರ್ಚು’ ಎಂದರೆ ಯಾರ ಖರ್ಚು, ‘ಒಳ್ಳೆಯದು’ ಎಂದರೆ ಯಾರ ಕಣ್ಣಿಗೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಇದು ಹೇಳಲು ಸುಲಭ, ಲೆಕ್ಕದ ಪುಸ್ತಕದಲ್ಲಿ ಇಳಿಸುವುದು ಕಷ್ಟ. ಈ ಕಷ್ಟವನ್ನು ಅರಿಯಲು ನೆದರ್ಲೆಂಡ್ಸ್‌ನ ಬ್ಯೂರ್ಟ್‌ಜೋರ್ಗ್ ಸಂಸ್ಥೆಯ ಪ್ರಕರಣ ಬಹಳ ಸಹಾಯಕ. ಕಾರಣ, ಒಂದೇ ಸಂಸ್ಥೆಯನ್ನು ಗಂಟೆಯ ದರದಿಂದ ಅಳೆದಾಗ ಅದು ದುಬಾರಿಯಾಗಿ ಕಂಡಿತು, ಮನೆ ಆರೈಕೆಯ ಒಟ್ಟು ಬಿಲ್ಲಿನಿಂದ ಅಳೆದಾಗ ಅಗ್ಗವಾಗಿ ಕಂಡಿತು, ಆ ವ್ಯಕ್ತಿಯ ಎಲ್ಲ ವೈದ್ಯಕೀಯ ಹಾಗೂ ಆರೈಕೆ ವೆಚ್ಚವನ್ನೂ ಕೂಡಿಸಿ ಅಳೆದಾಗ ಉಳಿದವರಿಗೆ ಹೆಚ್ಚುಕಡಿಮೆ ಸಮನಾಗಿ ಕಂಡಿತು. ಮೂರೂ ಅಳತೆಗಳು ಸರಿಯಾಗಿಯೇ ಇದ್ದವು.

ಡಚ್ ಭಾಷೆಯಲ್ಲಿ ‘ಬ್ಯೂರ್ಟ್’ ಎಂದರೆ ನೆರೆಹೊರೆ, ‘ಜೋರ್ಗ್’ ಎಂದರೆ ಆರೈಕೆ. ಸ್ವತಃ ನರ್ಸ್ ಆಗಿದ್ದ, ಬಳಿಕ ಮನೆ ಆರೈಕೆ ಸಂಸ್ಥೆಯಲ್ಲಿ ಆಡಳಿತದ ಹೊಣೆಯನ್ನೂ ಹೊತ್ತಿದ್ದ ಯೋಸ್ ದೆ ಬ್ಲೋಕ್ ಅವರು 2006ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. ಮೊದಲ ತಂಡ ಅಲ್ಮೆಲೊ ಪಟ್ಟಣದಲ್ಲಿ ನಾಲ್ಕು ನರ್ಸ್‌ಗಳೊಂದಿಗೆ ಆರಂಭವಾಯಿತು. ಹತ್ತು ವರ್ಷ ತುಂಬುವ ಹೊತ್ತಿಗೆ ಸಂಸ್ಥೆಯಲ್ಲಿ ಸಾವಿರಾರು ನರ್ಸ್‌ಗಳಿದ್ದರು. ಪ್ರತಿ ತಂಡದಲ್ಲಿ ಹೆಚ್ಚೆಂದರೆ 12 ಜನ, ಅವರ ಪಾಲಿಗೆ ಒಂದು ನೆರೆಹೊರೆ, ಅಲ್ಲಿನ ಸುಮಾರು 40ರಿಂದ 60 ಮಂದಿ ಆರೈಕೆ ಬೇಕಾದವರು. ತಂಡಕ್ಕೆ ಮೇಲ್ವಿಚಾರಕರಿಲ್ಲ. ಯಾರ ಮನೆಗೆ ಯಾರು ಯಾವಾಗ ಹೋಗಬೇಕು, ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೇ, ಕಚೇರಿಯ ಕೋಣೆಗೆ ಎಷ್ಟು ಬಾಡಿಗೆ ಕೊಡಬೇಕು ಎಂಬುದನ್ನೆಲ್ಲ ತಂಡವೇ ಕುಳಿತು ತೀರ್ಮಾನಿಸುತ್ತದೆ. ಅಗತ್ಯ ಬಿದ್ದಾಗ ಸಲಹೆ ನೀಡಲು ಕೆಲವು ತರಬೇತುದಾರರು, ಬಿಲ್ಲು ಮತ್ತು ಸಂಬಳ ನೋಡಿಕೊಳ್ಳಲು ಒಂದು ಸಣ್ಣ ಕೇಂದ್ರ ಕಚೇರಿ ಇವೆ.

ಇದು ಯಾವುದಕ್ಕೆ ಉತ್ತರವಾಗಿ ಹುಟ್ಟಿತು ಎಂಬುದನ್ನು ತಿಳಿಯದೆ ಮುಂದಿನ ಅಂಕಿಗಳು ಅರ್ಥವಾಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ನೆರೆಹೊರೆಯ ನರ್ಸ್ ಹೊಸಬಳಲ್ಲ. 1875ರಲ್ಲಿ ಆರಂಭವಾದ ‘ಶ್ವೇತ ಶಿಲುಬೆ’ಯಂತಹ ಸಂಘಗಳ ಕಾಲದಿಂದ ಆಕೆ ಬೀದಿಯ ಪರಿಚಿತ ಮುಖ. ಆದರೆ 1990ರ ದಶಕದಿಂದೀಚೆಗೆ ಸಂಸ್ಥೆಗಳು ಒಂದರೊಳಗೊಂದು ಸೇರಿ ದೊಡ್ಡವಾದವು ಮತ್ತು ಆರೈಕೆಯನ್ನು ‘ಉತ್ಪನ್ನ’ಗಳಾಗಿ ಬಿಡಿಸಲಾಯಿತು. ಮೈ ತೊಳೆಸುವುದು ಒಂದು ದರ, ಚುಚ್ಚುಮದ್ದು ಕೊಡುವುದು ಇನ್ನೊಂದು ದರ, ಮಾರ್ಗದರ್ಶನ ಮತ್ತೊಂದು ದರ. ಯಾರಿಗೆ ಯಾವುದು ವಾರಕ್ಕೆ ಎಷ್ಟು ಗಂಟೆ ಎಂಬುದನ್ನು 2005ರಿಂದ ರಾಷ್ಟ್ರೀಯ ಮಟ್ಟದ ಪ್ರತ್ಯೇಕ ಸಂಸ್ಥೆಯೊಂದು ಮಂಜೂರು ಮಾಡುತ್ತಿತ್ತು. ಅಗ್ಗದ ದರದ ಕೆಲಸಕ್ಕೆ ಕಡಿಮೆ ತರಬೇತಿಯವರನ್ನು, ದುಬಾರಿ ದರದ ಕೆಲಸಕ್ಕೆ ಮಾತ್ರ ನರ್ಸ್‌ಗಳನ್ನು ಕಳಿಸುವುದು ಜಾಣತನ ಎನಿಸಿಕೊಂಡಿತು. ಹೀಗಾಗಿ ಒಂದೇ ಮನೆಯ ಬಾಗಿಲನ್ನು ದಿನಕ್ಕೆ ಮೂವರು ಬೇರೆಬೇರೆಯವರು ತಟ್ಟುವಂತಾಯಿತು. ಪ್ರತಿಯೊಬ್ಬರಿಗೂ ನಿಮಿಷದ ಲೆಕ್ಕ ಇತ್ತು, ಒಟ್ಟು ಮನುಷ್ಯ ಯಾರ ಲೆಕ್ಕದಲ್ಲೂ ಇರಲಿಲ್ಲ.

ಕಾಲುಚೀಲದ ಲೆಕ್ಕ

ಇದನ್ನು ಹತ್ತಿರದಿಂದ ನೋಡಲು ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ. ಕೆಳಗಿನ ದರಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು, ಕಾಲುಚೀಲ ಮಾತ್ರ ಡಚ್ ಮನೆ ಆರೈಕೆಯಲ್ಲಿ ದಿನನಿತ್ಯ ಕಾಣುವ ವಸ್ತು. ಕಾಲಿನ ರಕ್ತನಾಳಗಳ ತೊಂದರೆಯಿಂದ ಪಾದ ಊದಿಕೊಳ್ಳುವ ಎಂಬತ್ತೆರಡು ವರ್ಷದ ಒಬ್ಬ ಮಹಿಳೆ ಒಬ್ಬರೇ ಇದ್ದಾರೆ. ವೈದ್ಯರು ಬಿಗಿ ಕಾಲುಚೀಲ ಹಾಕಿಕೊಳ್ಳಲು ಹೇಳಿದ್ದಾರೆ. ಅದು ಎಷ್ಟು ಬಿಗಿಯೆಂದರೆ ಬಗ್ಗಿ ಎಳೆದುಕೊಳ್ಳಲು ಅವರ ಬೆರಳುಗಳಲ್ಲಿ ಬಲವಿಲ್ಲ. ಬೆಳಿಗ್ಗೆ ಹಾಕಲು ಹತ್ತು ನಿಮಿಷ, ರಾತ್ರಿ ತೆಗೆಯಲು ಹತ್ತು ನಿಮಿಷ ಸಹಾಯ ಮಂಜೂರಾಗುತ್ತದೆ. ವರ್ಷಕ್ಕೆ 7,300 ನಿಮಿಷ, ಅಂದರೆ ಸುಮಾರು 122 ಗಂಟೆ. ಗಂಟೆಗೆ 50 ಯೂರೋ ದರದಲ್ಲಿ ಸಹಾಯಕಿಯನ್ನು ಕಳಿಸಿದರೆ 6,100 ಯೂರೋ.

ಈಗ ಗಂಟೆಗೆ 60 ಯೂರೋ ದರದ ನರ್ಸ್ ಹೋಗುತ್ತಾರೆ ಎನ್ನೋಣ. ಮೊದಲ ದಿನ ಅವರು ಕಾಲುಚೀಲವನ್ನು ಮುಟ್ಟುವ ಮೊದಲು ಒಂದು ಕಪ್ ಕಾಫಿ ಕುಡಿಯುತ್ತಾ ಅರ್ಧ ಗಂಟೆ ಮಾತಾಡಿಸುತ್ತಾರೆ. ಬೆಳಿಗ್ಗೆ ಸಹಾಯಕಿ ಬರುವ ತನಕ ಹಾಸಿಗೆಯಲ್ಲೇ ಕಾಯಬೇಕಾಗುತ್ತದೆ, ಹಾಗಾಗಿ ಹಿಂದಿನಂತೆ ಬೇಗ ಎದ್ದು ಗೆಳತಿಯ ಜೊತೆ ನಡೆಯಲು ಹೋಗುವುದು ನಿಂತಿದೆ ಎಂಬುದು ಆಗ ತಿಳಿಯುತ್ತದೆ. ಬಗ್ಗದೆ ಕಾಲುಚೀಲ ಏರಿಸಿಕೊಳ್ಳುವ ಸರಳ ಸಾಧನವೊಂದನ್ನು ನರ್ಸ್ ಮರುದಿನ ತರುತ್ತಾರೆ. ಮೂರನೆಯ ಭೇಟಿಯಲ್ಲಿ ಹಿಮ್ಮಡಿ ಸರಿಯಾಗಿ ಕೂರುವುದಿಲ್ಲ, ಮಹಿಳೆಗೆ ಸಿಟ್ಟು ಬರುತ್ತದೆ. ಏಳನೆಯ ಭೇಟಿಯ ಹೊತ್ತಿಗೆ ಒಬ್ಬರೇ ಹಾಕಿಕೊಳ್ಳುತ್ತಾರೆ. ಎಲ್ಲ ಸೇರಿ 12 ಗಂಟೆ, 720 ಯೂರೋ. ಗಂಟೆಯ ದರವನ್ನಷ್ಟೇ ಹೋಲಿಸಿದ ಅಧಿಕಾರಿಯ ವರದಿಯಲ್ಲಿ ಈ ನರ್ಸ್ ಶೇಕಡಾ 20ರಷ್ಟು ದುಬಾರಿ.

ಬ್ಯೂರ್ಟ್‌ಜೋರ್ಗ್ ತನ್ನ ಬಗ್ಗೆ ಹೇಳಿಕೊಂಡದ್ದು ಮೂಲತಃ ಇಷ್ಟೇ: ಹೆಚ್ಚು ಕಲಿತವರನ್ನು ಕಳಿಸಿ, ಗಂಟೆಗೆ ಹೆಚ್ಚು ಕೊಡಿ, ಗಂಟೆಗಳೇ ಕಡಿಮೆಯಾಗುತ್ತವೆ. 2009ರಲ್ಲಿ ಲೆಕ್ಕಪರಿಶೋಧನೆ ಮತ್ತು ಸಲಹಾ ಸಂಸ್ಥೆಯಾದ ಎರ್ನ್ಸ್ಟ್ ಅಂಡ್ ಯಂಗ್ ನಡೆಸಿದ ಅಧ್ಯಯನ ಈ ಮಾತಿಗೆ ಬಲ ಕೊಟ್ಟಿತು. ಮಂಜೂರಾದ ಗಂಟೆಗಳಲ್ಲಿ ಬ್ಯೂರ್ಟ್‌ಜೋರ್ಗ್ ಬಳಸುತ್ತಿದ್ದದ್ದು ಅರ್ಧಕ್ಕೂ ಕಡಿಮೆ, ಉಳಿದ ಸಂಸ್ಥೆಗಳು ಬಳಸುತ್ತಿದ್ದದ್ದು ಅದಕ್ಕಿಂತ ಬಹಳ ಹೆಚ್ಚು. ಗಂಟೆಯ ಲೆಕ್ಕದಲ್ಲಿ ಹಣ ಪಡೆಯುವ ಸಂಸ್ಥೆಯೊಂದು ತನಗೆ ಮಂಜೂರಾದ ಗಂಟೆಗಳನ್ನು ಬಿಟ್ಟುಕೊಡುವುದು ಸಣ್ಣ ವಿಷಯವಲ್ಲ, ಏಕೆಂದರೆ ಪ್ರತಿ ಮನೆಯಿಂದ ಬರುವ ಆದಾಯ ಅದರಿಂದ ಇಳಿಯುತ್ತದೆ. ಪಾಲುದಾರರಿಗೆ ಲಾಭ ಹಂಚುವ ಹಂಗಿಲ್ಲದ ಸಂಸ್ಥೆಗೆ ಇದು ಸುಲಭವಾಯಿತು ಎಂದು ನಾನು ಭಾವಿಸುತ್ತೇನೆ. ಆದರೆ ಲಾಭರಹಿತ ಎಂಬ ಒಂದೇ ಗುಣ ಸಾಕಾಗಲಿಲ್ಲ ಎಂಬುದನ್ನೂ ಹೇಳಬೇಕು. ನಿಮಿಷ ಲೆಕ್ಕದಲ್ಲಿ ಮುಳುಗಿದ್ದ ಉಳಿದ ದೊಡ್ಡ ಸಂಸ್ಥೆಗಳಲ್ಲಿ ಬಹುಪಾಲು ಲಾಭರಹಿತವೇ ಆಗಿದ್ದವು.

ಆಡಳಿತ ವೆಚ್ಚ ಎಲ್ಲಿಗೆ ಹೋಯಿತು

ಈ ಸಂಸ್ಥೆಯ ಬಗ್ಗೆ ಬರೆಯುವವರೆಲ್ಲ ಉಲ್ಲೇಖಿಸುವ ಅಂಕಿಯೊಂದಿದೆ. ಅದರ ಆಡಳಿತ ವೆಚ್ಚ ಒಟ್ಟು ಖರ್ಚಿನ ಸುಮಾರು ಶೇಕಡಾ 8, ಇತರ ಡಚ್ ಮನೆ ಆರೈಕೆ ಸಂಸ್ಥೆಗಳದ್ದು ಸರಾಸರಿ ಶೇಕಡಾ 25. ವ್ಯತ್ಯಾಸ ದೊಡ್ಡದು, ಬಹುಮಟ್ಟಿಗೆ ನಿಜವಾದದ್ದೂ ಹೌದು. ಮಧ್ಯದ ಹಂತದ ವ್ಯವಸ್ಥಾಪಕರು, ಯೋಜನಾ ವಿಭಾಗ, ದೂರವಾಣಿ ಕೇಂದ್ರ ಯಾವುದೂ ಇಲ್ಲದಿದ್ದರೆ ಅವರ ಸಂಬಳವೂ ಇಲ್ಲ. ಆದರೂ ಲೆಕ್ಕ ಪರಿಶೀಲಿಸುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವಾರದ ಪಾಳಿಯನ್ನು ಹಾಕುವ ಕೆಲಸ ಮಾಯವಾಗಿಲ್ಲ, ಅದನ್ನು ಈಗ ನರ್ಸ್ ಮಾಡುತ್ತಿದ್ದಾರೆ. ತಂಡದ ಸಭೆ, ಹೊಸಬರ ಸಂದರ್ಶನ, ವೈದ್ಯರೊಂದಿಗೆ ಮಾತುಕತೆ ಇವೆಲ್ಲ ನರ್ಸ್‌ನ ಬಿಲ್ ಆಗದ ಗಂಟೆಗಳ ಒಳಗೆ ಸೇರಿವೆ. ಬ್ಯೂರ್ಟ್‌ಜೋರ್ಗ್ ತಂಡಗಳು ತಮ್ಮ ಕೆಲಸದ ಅವಧಿಯಲ್ಲಿ ಶೇಕಡಾ 60ರ ಆಸುಪಾಸು ಬಿಲ್ ಆಗುವ ಗಂಟೆಗಳಿರಬೇಕು ಎಂದು ಇಟ್ಟುಕೊಳ್ಳುತ್ತವೆ, ಮತ್ತು ಪ್ರತಿ ತಂಡವೂ ತನ್ನ ಅಂಕಿಯನ್ನು ಸಂಸ್ಥೆಯ ಆಂತರಿಕ ಜಾಲತಾಣದಲ್ಲಿ ತಾನೇ ನೋಡಬಹುದು. ಉಳಿದ ಸಮಯದಲ್ಲಿ ಪ್ರಯಾಣ ಎಷ್ಟು, ಕಲಿಕೆ ಎಷ್ಟು, ಆಡಳಿತ ಎಷ್ಟು ಎಂದು ಬಿಡಿಸದೆ 8 ಮತ್ತು 25ನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆ ಪೂರ್ಣವಾಗುವುದಿಲ್ಲ. ಪಾಳಿ ಹಾಕುವವರಿಗೆ ಆ ಮನೆಗಳ ಪರಿಚಯ ಇರುವುದರಿಂದ ಕೆಲಸ ಚೆನ್ನಾಗಿ ಆಗುತ್ತದೆ ಎಂಬುದು ನಿಜವಿರಬಹುದು. ಅದು ಗುಣಮಟ್ಟದ ವಾದ. ಅದನ್ನು ವೆಚ್ಚದ ವಾದವಾಗಿ ಮುಂದಿಡಬಾರದು.

ದಾನಿಗಳ ಹಣದಿಂದ ನಡೆಯುವ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಆಡಳಿತ ವೆಚ್ಚದ ಶೇಕಡಾವಾರು ಕಡಿಮೆ ತೋರಿಸಬೇಕೆಂಬ ಒತ್ತಡ ಬಿದ್ದಾಗ ಕೆಲಸ ಕಡಿಮೆಯಾಗುವುದಕ್ಕಿಂತ ಅದರ ಹೆಸರು ಬದಲಾಗುವುದೇ ಹೆಚ್ಚು.

ಲೆಕ್ಕದ ಗೋಡೆಯನ್ನು ಹಿಂದಕ್ಕೆ ಸರಿಸಿದಾಗ

2015ರಲ್ಲಿ ಪ್ರಕಟವಾದ, ಕೆಪಿಎಂಜಿ ಎಂಬ ಇನ್ನೊಂದು ಲೆಕ್ಕಪರಿಶೋಧನೆ ಮತ್ತು ಸಲಹಾ ಸಂಸ್ಥೆಯ ಅಧ್ಯಯನ ಈ ಪ್ರಕರಣದ ನಡುಮಧ್ಯದ ಸಂಗತಿ. ಅದು 2013ನೇ ವರ್ಷದ ದತ್ತಾಂಶವನ್ನು ತೆಗೆದುಕೊಂಡು, ಆರೈಕೆ ಪಡೆದವರ ಸ್ಥಿತಿಗತಿಗಳಲ್ಲಿನ ವ್ಯತ್ಯಾಸವನ್ನು ಸರಿದೂಗಿಸಿ, ಬ್ಯೂರ್ಟ್‌ಜೋರ್ಗನ್ನು ದೇಶದ ಇತರ ಸಂಸ್ಥೆಗಳೊಂದಿಗೆ ಹೋಲಿಸಿತು. ಮನೆ ಆರೈಕೆಯ ಬಿಲ್ಲನ್ನಷ್ಟೇ ನೋಡಿದಾಗ ಒಬ್ಬರ ಮೇಲಿನ ವಾರ್ಷಿಕ ವೆಚ್ಚ ಸರಾಸರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಇತ್ತು. ಆಮೇಲೆ ಅದೇ ವ್ಯಕ್ತಿಗಳ ಆಸ್ಪತ್ರೆ ಖರ್ಚು, ವೈದ್ಯರ ಖರ್ಚು, ದೀರ್ಘಕಾಲೀನ ಆರೈಕೆ ಕೇಂದ್ರಗಳ ವಾಸದ ಖರ್ಚು ಇವನ್ನೂ ಕೂಡಿಸಲಾಯಿತು. ಆಗ ಒಟ್ಟು ಅಂತರ ಶೇಕಡಾ 3ರ ಆಸುಪಾಸಿಗೆ ಇಳಿಯಿತು, ಎರಡೂ ಕಡೆ ತಲಾ ವೆಚ್ಚ 15 ಸಾವಿರ ಯೂರೋಗಳನ್ನು ದಾಟಿತ್ತು.

ಇದನ್ನು ಓದಿದ ಕೆಲವರು ‘ಉಳಿತಾಯವೆಲ್ಲ ಭ್ರಮೆ’ ಎಂದರು. ನನಗೆ ಹಾಗೆ ತೋರುವುದಿಲ್ಲ, ಆದರೆ ಸಂಸ್ಥೆಯ ಅಭಿಮಾನಿಗಳು ಈ ಎರಡನೆಯ ಅಂಕಿಯನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳಿಕೊಂಡು ಬರುವುದೂ ಸರಿಯಲ್ಲ. ಮನೆ ಆರೈಕೆಯಲ್ಲಿ ಉಳಿದ ಹಣದ ಬಹುಭಾಗ ಬೇರೆ ಬಾಬತ್ತುಗಳಲ್ಲಿ ಖರ್ಚಾಗಿದೆ ಎಂದರೆ ಅದಕ್ಕೆ ಬೇರೆಬೇರೆ ಕಾರಣಗಳಿರಲು ಸಾಧ್ಯ. ನಮ್ಮ ಕಾಲುಚೀಲದ ಮಹಿಳೆ ಒಬ್ಬರೇ ಹಾಕಿಕೊಳ್ಳಲು ಹೋಗಿ ಒಂದು ದಿನ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ 5,380 ಯೂರೋ ಉಳಿತಾಯ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಕರಗುತ್ತದೆ. ಅದು ಕೆಟ್ಟ ಕಾರಣ. ಕಲಿತ ನರ್ಸ್ ಒಬ್ಬರು ಹೃದಯದ ತೊಂದರೆಯ ಲಕ್ಷಣವನ್ನು ಮೊದಲೇ ಗುರುತಿಸಿ ಆಸ್ಪತ್ರೆಗೆ ಕಳಿಸಿದರೂ ಆಸ್ಪತ್ರೆಯ ಖರ್ಚು ಏರುತ್ತದೆ. ಅದು ಒಳ್ಳೆಯ ಕಾರಣ. ಸಂಸ್ಥೆಗೆ ಬರುತ್ತಿದ್ದವರೇ ಮೊದಲಿನಿಂದ ಹೆಚ್ಚು ಕಾಯಿಲೆಯವರಾಗಿದ್ದು, ಸರಿದೂಗಿಸುವ ಲೆಕ್ಕ ಅದನ್ನು ಪೂರ್ತಿ ಹಿಡಿಯದೆ ಹೋಗಿರುವುದೂ ಸಾಧ್ಯ. ವೆಚ್ಚದ ಅಂಕಣವೊಂದೇ ಈ ಮೂರನ್ನು ಬೇರ್ಪಡಿಸಲಾರದು.

ಸರಿದೂಗಿಸುವಿಕೆಯ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಬೇಕು, ಏಕೆಂದರೆ ಹೋಲಿಕೆಗಳು ದಾರಿ ತಪ್ಪುವುದು ಬಹುತೇಕ ಇಲ್ಲಿಯೇ. ಬಿಲ್ಲಿನ ದಾಖಲೆಗಳಲ್ಲಿ ವಯಸ್ಸು, ಲಿಂಗ, ಔಷಧಿ, ರೋಗನಿದಾನ ಸಿಗುತ್ತವೆ. ಸ್ನಾನದ ಮನೆಗೆ ಒಬ್ಬರೇ ಹೋಗಬಲ್ಲರೇ, ಮಗಳು ಪಕ್ಕದ ಬೀದಿಯಲ್ಲಿದ್ದಾಳೆಯೇ, ಮರೆವು ಎಷ್ಟಿದೆ ಎಂಬುದು ಸಿಗುವುದಿಲ್ಲ. ಮನೆ ಆರೈಕೆಯ ಗಂಟೆಗಳನ್ನು ಮುಖ್ಯವಾಗಿ ನಿರ್ಧರಿಸುವುದು ಇವೇ. ಅದಲ್ಲದೆ ವೇಗವಾಗಿ ಬೆಳೆಯುತ್ತಿರುವ ಯಾವುದೇ ಸಂಸ್ಥೆಯಲ್ಲಿ ಆರೈಕೆಗೆ ಹೊಸದಾಗಿ ಸೇರಿದವರ ಪ್ರಮಾಣ ಹೆಚ್ಚಿರುತ್ತದೆ. ಶಸ್ತ್ರಚಿಕಿತ್ಸೆಯ ಗಾಯ ಮಾಯುವ ತನಕ ಆರು ವಾರ ಆರೈಕೆ ಪಡೆದು ಬಿಡುವವರೂ ಅವರಲ್ಲಿರುತ್ತಾರೆ. ಹಳೆಯ ಸಂಸ್ಥೆಗಳ ಪಟ್ಟಿಯಲ್ಲಿ ಹತ್ತು ವರ್ಷದಿಂದ ಆರೈಕೆಯಲ್ಲಿರುವ, ದಿನಕ್ಕೆ ನಾಲ್ಕು ಬಾರಿ ಭೇಟಿ ಬೇಕಾದವರು ಉಳಿದಿರುತ್ತಾರೆ. ತಲಾ ಸರಾಸರಿ ಗಂಟೆಗಳನ್ನು ಹೋಲಿಸುವ ಮುನ್ನ ಆರೈಕೆಗೆ ಸೇರಿ ಎಷ್ಟು ತಿಂಗಳಾಯಿತು ಎಂಬುದರ ಮೇಲೆ ಎರಡೂ ಪಟ್ಟಿಗಳನ್ನು ವಿಂಗಡಿಸಿಕೊಳ್ಳದಿದ್ದರೆ ಆರೈಕೆಯ ವಿಧಾನದ ಫಲ ಯಾವುದು, ಸಂಸ್ಥೆಯ ವಯಸ್ಸಿನ ಫಲ ಯಾವುದು ಎಂದು ಹೇಳಲಾಗದು.

2015ರ ಜನವರಿ 1ರಿಂದ ಡಚ್ ಸರ್ಕಾರ ಹಳೆಯ ದೀರ್ಘಕಾಲೀನ ಆರೈಕೆ ಕಾಯ್ದೆಯನ್ನು ಕೈಬಿಟ್ಟು ಹೊಣೆಯನ್ನು ಮೂರು ಕಡೆ ಹಂಚಿತು. ಮನೆಯ ಶುಶ್ರೂಷೆ ಆರೋಗ್ಯ ವಿಮಾ ಕಂಪನಿಗಳಿಗೆ, ಮಾರ್ಗದರ್ಶನ ಹಾಗೂ ದೈನಂದಿನ ಬೆಂಬಲ ಪುರಸಭೆಗಳಿಗೆ, ಆರೈಕೆ ಕೇಂದ್ರಗಳ ವಾಸ ರಾಷ್ಟ್ರೀಯ ನಿಧಿಗೆ. ಗಂಟೆಗಳನ್ನು ಮಂಜೂರು ಮಾಡುವ ಅಧಿಕಾರ ನೆರೆಹೊರೆಯ ನರ್ಸ್ ಕೈಗೆ ಬಂದದ್ದು ಇದರ ದೊಡ್ಡ ಲಾಭ. ಆದರೆ ಅಳತೆಯ ದೃಷ್ಟಿಯಿಂದ ಹೊಸ ತೊಡಕು ಹುಟ್ಟಿತು. ಒಳ್ಳೆಯ ಮನೆ ಆರೈಕೆಯಿಂದ ಒಬ್ಬರು ಆರೈಕೆ ಕೇಂದ್ರಕ್ಕೆ ಸೇರುವುದು ಒಂದು ವರ್ಷ ತಡವಾದರೆ ಉಳಿಯುವುದು ರಾಷ್ಟ್ರೀಯ ನಿಧಿಯ ಹಣ, ಆ ವರ್ಷದ ಮನೆ ಆರೈಕೆಗೆ ಖರ್ಚಾಗುವುದು ವಿಮಾ ಕಂಪನಿಯ ಹಣ. ಎರಡೂ ಪುಸ್ತಕಗಳನ್ನು ಒಟ್ಟಿಗೆ ತೆರೆದು ನೋಡಬೇಕಾದ ಜರೂರು ಇಬ್ಬರಲ್ಲಿ ಯಾರಿಗೂ ಇಲ್ಲ.

ಗುಣಮಟ್ಟವನ್ನು ಯಾರು ಬರೆಯುತ್ತಾರೆ

ಗುಣಮಟ್ಟದ ಅಳತೆಯಲ್ಲಿ ಮೊದಲು ಬಂದದ್ದು ಆರೈಕೆ ಪಡೆದವರ ಅಭಿಪ್ರಾಯ. ಡಚ್ ಆರೋಗ್ಯ ಸೇವಾ ಸಂಶೋಧನಾ ಸಂಸ್ಥೆಯಾದ ನಿವೆಲ್ ನಡೆಸಿದ ಆರಂಭಿಕ ಅಧ್ಯಯನದಲ್ಲಿ ಬ್ಯೂರ್ಟ್‌ಜೋರ್ಗ್‌ಗೆ ಬಹಳ ಉತ್ತಮ ಅಂಕಗಳು ಬಂದವು. ಇದನ್ನು ಹಗುರವಾಗಿ ಕಾಣಬಾರದು. ಮನೆಯೊಳಗೆ, ಸ್ನಾನದ ಕೋಣೆಯೊಳಗೆ ಬಂದು ಮೈಮುಟ್ಟುವವರ ಬಗ್ಗೆ ಆ ಮೈಯವರ ಮಾತಿಗಿಂತ ಹೆಚ್ಚಿನ ಸಾಕ್ಷ್ಯ ಇನ್ನೇನಿದೆ? ಆದರೆ ಹೊರಗಿನ ಸಹಾಯವನ್ನು ನೆಚ್ಚಿ ಬದುಕುವವರು ದೂರಲು ಹಿಂಜರಿಯುವುದರಿಂದ ಎಲ್ಲ ಸಂಸ್ಥೆಗಳ ಅಂಕಗಳೂ ಮೇಲ್ಮಟ್ಟದಲ್ಲೇ ಗುಂಪಾಗಿರುತ್ತವೆ. ಮರೆವಿನ ಕಾಯಿಲೆಯವರು, ಮರಣಶಯ್ಯೆಯಲ್ಲಿರುವವರು ಪ್ರಶ್ನಾವಳಿಗೆ ಉತ್ತರಿಸುವುದೂ ಅಪರೂಪ. ಆರೈಕೆ ಅತ್ಯಂತ ಕಠಿಣವಾಗುವ ಮನೆಗಳು ಸಮೀಕ್ಷೆಯಿಂದ ಹೊರಗುಳಿಯುತ್ತವೆ.

ಎರಡನೆಯದು ನರ್ಸ್‌ಗಳ ಕೈಯಲ್ಲಿರುವ ಒಮಾಹಾ ಪದ್ಧತಿ. ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದ ಸಂದರ್ಶಕ ನರ್ಸ್‌ಗಳ ಸಂಘ 1970ರ ದಶಕದಲ್ಲಿ ಇದನ್ನು ರೂಪಿಸಲು ತೊಡಗಿತು, ಬ್ಯೂರ್ಟ್‌ಜೋರ್ಗ್ ತನ್ನ ದಾಖಲಾತಿಗೆ ಇದನ್ನೇ ಅಳವಡಿಸಿಕೊಂಡಿದೆ. ಪರಿಸರ, ಮನೋಸಾಮಾಜಿಕ ಸ್ಥಿತಿ, ದೇಹ, ಆರೋಗ್ಯ ಸಂಬಂಧಿ ನಡವಳಿಕೆ ಎಂಬ ನಾಲ್ಕು ವಲಯಗಳಲ್ಲಿ 42 ಸಮಸ್ಯೆಗಳ ಪಟ್ಟಿ ಇದರಲ್ಲಿದೆ. ಪ್ರತಿ ಸಮಸ್ಯೆಗೂ ಆ ವ್ಯಕ್ತಿಯ ತಿಳಿವಳಿಕೆ, ನಡವಳಿಕೆ, ಸ್ಥಿತಿ ಈ ಮೂರನ್ನು 1ರಿಂದ 5ರ ಅಂಕದಲ್ಲಿ ನರ್ಸ್ ಬರೆಯುತ್ತಾರೆ. ಕಾಲುಚೀಲದ ಮಹಿಳೆಯ ಕಡತದಲ್ಲಿ ರಕ್ತಸಂಚಾರದ ಸಮಸ್ಯೆಯ ಎದುರು ಮೊದಲ ದಿನ ತಿಳಿವಳಿಕೆ 3, ನಡವಳಿಕೆ 2, ಸ್ಥಿತಿ 3 ಎಂದಿದ್ದದ್ದು ಎರಡು ತಿಂಗಳ ಬಳಿಕ 4, 4, 4 ಆಗಬಹುದು. ನಾನು ಈ ಪದ್ಧತಿಯನ್ನು ಮೆಚ್ಚುವುದು ಇದೇ ಕಾರಣಕ್ಕೆ: ‘ಭೇಟಿ ಆಯಿತು’ ಎಂಬಲ್ಲಿಗೆ ಅದು ನಿಲ್ಲುವುದಿಲ್ಲ, ಭೇಟಿಯಿಂದ ಆ ವ್ಯಕ್ತಿಯಲ್ಲಿ ಏನು ಬದಲಾಯಿತು ಎಂದು ಕೇಳುತ್ತದೆ. ಮರಣದ ಹತ್ತಿರ ಇರುವವರ ಸ್ಥಿತಿ 2ರಿಂದ 1ಕ್ಕೆ ಇಳಿದರೂ ನೋವಿನ ಬಗ್ಗೆ ಕುಟುಂಬದ ತಿಳಿವಳಿಕೆ 4ಕ್ಕೆ ಏರಿದ್ದರೆ ಆ ಆರೈಕೆ ವಿಫಲವಲ್ಲ ಎಂಬುದನ್ನೂ ಅದು ದಾಖಲಿಸಬಲ್ಲದು.

ದೌರ್ಬಲ್ಯವೂ ಸ್ಪಷ್ಟ. ಆರೈಕೆ ಮಾಡಿದ ಕೈಯೇ ಅಂಕವನ್ನೂ ಕೊಡುತ್ತದೆ. ತಂಡದೊಳಗಿನ ಕಲಿಕೆಗೆ ಇದರಿಂದ ಹಾನಿಯಿಲ್ಲ, ಆದರೆ ಹಣ ಕೊಡುವವರು ಈ ಅಂಕಗಳ ಮೇಲೆ ಸಂಸ್ಥೆಗಳನ್ನು ಶ್ರೇಣೀಕರಿಸಲು ಹೊರಟ ದಿನದಿಂದ ಅಂಕಗಳು ಏರತೊಡಗುತ್ತವೆ. ಒಂದೇ ಮನೆಗೆ ಇಬ್ಬರು ನರ್ಸ್‌ಗಳು ಬೇರೆಬೇರೆಯಾಗಿ ಹೋಗಿ ಅಂಕ ಕೊಟ್ಟು ತಾಳೆ ನೋಡುವುದನ್ನು ಆಗಾಗ ಮಾಡದೆ ಈ ಅಂಕಿಗಳನ್ನು ಸಂಸ್ಥೆಯ ಹೊರಗೆ ಬಳಸಬಾರದು ಎಂಬುದು ನನ್ನ ಅಭಿಪ್ರಾಯ.

ಇವೆರಡಕ್ಕಿಂತ ಸರಳವಾದ, ಯಾರೂ ತಿರುಚಲು ಕಷ್ಟವಾದ ಒಂದು ಅಳತೆ ಪಾಳಿಯ ಪಟ್ಟಿಯಲ್ಲೇ ಇದೆ. ಮೂರು ತಿಂಗಳಲ್ಲಿ ಆ ಮನೆಗೆ ಒಟ್ಟು ಎಷ್ಟು ಬೇರೆಬೇರೆ ಜನ ಹೋದರು? ಉತ್ಪನ್ನಗಳ ಕಾಲದಲ್ಲಿ ಜನ ಅತ್ತುಕೊಂಡು ಹೇಳಿದ ದೂರು ಮುಖ್ಯವಾಗಿ ಇದೇ ಆಗಿತ್ತು. 12 ಜನರ ತಂಡ, ಒಂದೇ ನೆರೆಹೊರೆ ಎಂಬ ರಚನೆಯೇ ಈ ಸಂಖ್ಯೆಗೆ ಮಿತಿ ಹಾಕಿತು.

ಯಾರ ಪುಸ್ತಕದಲ್ಲೂ ಇಲ್ಲದ ಗಂಟೆಗಳು

ಬ್ಯೂರ್ಟ್‌ಜೋರ್ಗ್ ತನ್ನ ವಿಧಾನವನ್ನು ಈರುಳ್ಳಿಯ ಪದರಗಳಂತೆ ಚಿತ್ರಿಸಿಕೊಳ್ಳುತ್ತದೆ. ನಡುವೆ ಆ ವ್ಯಕ್ತಿ, ಸುತ್ತ ಕುಟುಂಬ ಮತ್ತು ನೆರೆಯವರು, ಅದರಾಚೆ ನರ್ಸ್‌ಗಳ ತಂಡ, ಹೊರಗೆ ವೈದ್ಯರೂ ಆಸ್ಪತ್ರೆಯೂ. ನರ್ಸ್‌ನ ಮೊದಲ ಕೆಲಸಗಳಲ್ಲಿ ಒಂದು ಎರಡನೆಯ ಪದರವನ್ನು ಎಚ್ಚರಗೊಳಿಸುವುದು. ಮಗ ರಾತ್ರಿ ಬಂದು ಕಾಲುಚೀಲ ತೆಗೆಯಬಲ್ಲನೇ, ಎದುರುಮನೆಯವರು ಔಷಧಿ ನೆನಪಿಸಬಲ್ಲರೇ ಎಂದು ಕೇಳುವುದು. ಇದು ಮನುಷ್ಯ ಸಂಬಂಧವನ್ನು ಉಳಿಸುವ ಕೆಲಸ ಎಂಬುದನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಅದರ ಜೊತೆಗೇ, ಬಿಲ್ಲಿನಿಂದ ಮಾಯವಾದ ಗಂಟೆಗಳಲ್ಲಿ ಕೆಲವು ಮಗನ ಸಂಜೆಗಳಾಗಿ ಬದಲಾಗಿವೆ ಎಂಬುದನ್ನು ಬರೆದಿಡಲೇಬೇಕು. ಆರ್ಥಿಕ ಮೌಲ್ಯಮಾಪನದಲ್ಲಿ ಇದಕ್ಕೆ ಎರಡು ದಾರಿಗಳು ಚಾಲ್ತಿಯಲ್ಲಿವೆ: ಆ ಗಂಟೆಗೆ ಕೂಲಿಯವರನ್ನು ಇಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕುವುದು, ಇಲ್ಲವೇ ಆ ಸಮಯದಲ್ಲಿ ಮಗ ಏನು ದುಡಿಯುತ್ತಿದ್ದ ಎಂದು ಲೆಕ್ಕ ಹಾಕುವುದು. ಎರಡನೆಯ ದಾರಿಯಲ್ಲಿ ನಿವೃತ್ತ ಹೆಂಡತಿಯ ಗಂಟೆಯ ಬೆಲೆ ಸೊನ್ನೆಗೆ ಹತ್ತಿರವಾಗುತ್ತದೆ, ಮನೆಗಳಲ್ಲಿ ಅತಿ ಹೆಚ್ಚು ಆರೈಕೆ ಮಾಡುವವರು ಅವರೇ ಆಗಿದ್ದರೂ. ಹಾಗಾಗಿ ನಾನು ಮೊದಲನೆಯದನ್ನು ಆರಿಸಿಕೊಳ್ಳುತ್ತೇನೆ, ಮತ್ತು ಹಣಕ್ಕೆ ಪರಿವರ್ತಿಸುವ ಮೊದಲು ಬರೀ ಗಂಟೆಗಳನ್ನು ಒಂದು ಅಂಕಣದಲ್ಲಿ ತೋರಿಸಬೇಕೆನ್ನುತ್ತೇನೆ. ವಾರಕ್ಕೆ ಎಷ್ಟು ಗಂಟೆ, ರಾತ್ರಿ ಎಷ್ಟು ಬಾರಿ ಏಳಬೇಕಾಯಿತು ಎಂಬ ಎರಡು ಸಾಲು ಸಾಕು.

ಹಾಗಾದರೆ ಈ ಪ್ರಕರಣವನ್ನು ಹೇಗೆ ಓದಬೇಕು? ಒಟ್ಟು ವೆಚ್ಚ ಹೆಚ್ಚುಕಡಿಮೆ ಸಮ, ಆರೈಕೆ ಪಡೆದವರ ತೃಪ್ತಿ ಹೆಚ್ಚು, ನರ್ಸ್‌ಗಳು ಕೆಲಸ ಬಿಡದೆ ಉಳಿಯಲು ಬಯಸುವ ಸಂಸ್ಥೆ. ಅದೇ ಹಣಕ್ಕೆ ಹೆಚ್ಚು ಒಳ್ಳೆಯ ಆರೈಕೆ ಸಿಕ್ಕಿದೆ ಎನ್ನಲು ಇಷ್ಟು ಆಧಾರ ಸಾಕು ಎಂದು ನನಗೆ ಅನಿಸುತ್ತದೆ. ಹಣ ಉಳಿಯಿತು ಎನ್ನಲು ಮಾತ್ರ ಸಾಲದು, ಏಕೆಂದರೆ ಕುಟುಂಬದ ಅಂಕಣ ಇನ್ನೂ ಖಾಲಿ ಇದೆ.

ಕಾಲುಚೀಲದ ಮಹಿಳೆಯ ಕಡತ 4, 4, 4 ಎಂಬ ಅಂಕಗಳೊಂದಿಗೆ ಮುಚ್ಚುತ್ತದೆ. ಆರು ತಿಂಗಳ ಬಳಿಕ ಆ ಸಾಧನ ಕಪಾಟಿನ ಮೇಲೆ ಧೂಳು ಹಿಡಿದಿದೆಯೋ, ಅವರು ಬೆಳಿಗ್ಗೆ ಗೆಳತಿಯ ಜೊತೆ ನಡೆಯುತ್ತಿದ್ದಾರೋ, ಇಲ್ಲ ಮಗನೇ ದಿನವೂ ಎರಡು ಬಾರಿ ಬಂದು ಹೋಗುತ್ತಿದ್ದಾನೋ ಎಂದು ಹೋಗಿ ನೋಡುವ ಭೇಟಿಗೆ ಬಿಲ್ ಮಾಡಲು ಕಾರಣವಿಲ್ಲ, ಕಡತ ಮುಚ್ಚಿದೆಯಲ್ಲ. ನನ್ನ ಮಟ್ಟಿಗೆ ಹಣ ಕೊಡುವವರು ಮೊದಲು ಮಂಜೂರು ಮಾಡಬೇಕಾದದ್ದು ಆ ಇಪ್ಪತ್ತು ನಿಮಿಷಗಳನ್ನು, ಮತ್ತು ಆ ಭೇಟಿಗೆ ಹೋಗುವವರು ಮೊದಲು ಆರೈಕೆ ಮಾಡಿದ ನರ್ಸ್ ಆಗಿರಬಾರದು.